ಭಯದ ಸಾಧಾರಣೀಕರಣ: ಇಲಿಯೂ ಜಿಂಕೆಯೂ

ಭಯದ ಸ್ವರೂಪವನ್ನರಿಯಲು ಪ್ರಾಣಿಯನ್ನು ನಿದರ್ಶನವಾಗಿ ಹಿಡಿಯುವ ಪದ್ಧತಿ ಪ್ರಯೋಗಶಾಲೆಗಳಲ್ಲಿ ಹುಟ್ಟಿದುದಲ್ಲ. ರಸಸೂತ್ರವನ್ನು ವಿವರಿಸುವಾಗ ಅಭಿನವಗುಪ್ತಪಾದರು ಆರಿಸಿಕೊಂಡುದು ಶಾಕುಂತಲದ ಮೊದಲನೆಯ ಅಂಕದ ಜಿಂಕೆಯನ್ನು. ದುಷ್ಯಂತನ ರಥಕ್ಕೆ ಬೆದರಿ, ಕೊರಳು ತಿರುಗಿಸಿ ನೋಡುತ್ತ, ಅರೆಮೆದ್ದ ದರ್ಭೆಯನ್ನು ದಾರಿಯಲ್ಲಿ ಚೆಲ್ಲುತ್ತ ಓಡುವ ಜಿಂಕೆಯನ್ನು. ಆದುದರಿಂದ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಪ್ರಿಯ ಘೋಷ್ ಮತ್ತು ಸುಮಂತ್ರ ಚಟ್ಟರ್ಜಿಯವರು ಇಲಿಗಳನ್ನು ಕುರಿತು 2015ರಲ್ಲಿ ಪ್ರಕಟಿಸಿದ ಪ್ರಬಂಧವು ಅಲಂಕಾರಶಾಸ್ತ್ರದವರಿಗೆ ಹೊರಗಿನದೆಂದು ಬಿಡತಕ್ಕುದಲ್ಲ.

ಇಲಿಗೆ ಎರಡು ಬೇರೆ ಬೇರೆ ಧ್ವನಿಗಳನ್ನು ಕೇಳಿಸಿ, ಒಂದರೊಡನೆ ಮಾತ್ರ ವಿದ್ಯುದಾಘಾತವನ್ನು ಕೂಡಿಸಿದರು. ಆಘಾತವು ಮೃದುವಾಗಿದ್ದಾಗ ಇಲಿ ಆ ಒಂದು ಧ್ವನಿಗೆ ಮಾತ್ರ ಸ್ತಬ್ಧವಾಯಿತು. ತೀಕ್ಷ್ಣವಾದಾಗ ನಿರಪಾಯವಾದ ಧ್ವನಿಗೂ ಸ್ತಬ್ಧವಾಯಿತು. ಮಿದುಳಿನೊಳಗಿನ ಬಾದಾಮಿಯಾಕಾರದ ಅಮಿಗ್ಡಲದಲ್ಲಿ, ಮೊದಲು ಒಂದೇ ಧ್ವನಿಗೆ ಓಗೊಡುತ್ತಿದ್ದ ನರಕೋಶಗಳಲ್ಲಿ ಕೆಲವು ಎರಡಕ್ಕೂ ಓಗೊಡತೊಡಗಿದವು.

ಇದರ ಬೆಲೆ ಕಾಡಂಚಿನಲ್ಲಿ ತಿಳಿಯುತ್ತದೆ. ಹನೂರು ಸೀಮೆಯ ಶಾಗ್ಯದಂಥ ಊರಿನಲ್ಲಿ ರಾತ್ರಿ ಹೊಲ ಕಾಯುವವನಿಗೆ ಕೊಂಬೆ ಮುರಿದ ಸದ್ದು ಆನೆಯ ಸೂಚನೆ. ಅದಕ್ಕೆ ಬೆಚ್ಚುವುದು ವಿವೇಕವೇ. ಆದರೆ ಆನೆಯ ಕಾಲಡಿಯಿಂದ ಒಮ್ಮೆ ಬದುಕಿ ಬಂದವನು ಮನೆಯೊಳಗೆ ತಟ್ಟೆ ಬಿದ್ದರೂ ನಡುಗಿದರೆ, ಅಂಜುಬುರುಕನೆಂದು ಅವನನ್ನು ನಗುವುದು ಅನ್ಯಾಯ. ಆ ನಡುಕ ಅವನ ಶೀಲದ ದೋಷವಲ್ಲ, ಆಘಾತದ ತೀವ್ರತೆಯ ಫಲವೆಂದು ಇಲಿಯ ನಿದರ್ಶನ ಸೂಚಿಸುತ್ತದೆ. ಇದು ಸಣ್ಣ ಉಪಕಾರವಲ್ಲ.

ಪರಿಭಾಷೆಯಲ್ಲಿ ಮಾತ್ರ ಶೈಥಿಲ್ಯವಿದೆ. ಸ್ತಬ್ಧತೆಯನ್ನಳೆದು ಭಯವನ್ನಳೆದೆವೆಂಬುದು ಕಾರ್ಯವನ್ನೇ ಸ್ಥಾಯಿಯೆಂದಂತೆ. ಭರತಮುನಿಯು ಸ್ತಂಭವನ್ನು ಸಾತ್ತ್ವಿಕಭಾವಗಳಲ್ಲಿ ಎಣಿಸಿ, ಅದು ಭಯದಿಂದಲ್ಲದೆ ಹರ್ಷ, ವಿಸ್ಮಯ, ರೋಷಗಳಿಂದಲೂ ಹುಟ್ಟುವುದೆಂದಿದ್ದಾನೆ. ನೈಯಾಯಿಕರ ಮಾತಿನಲ್ಲಿ ಈ ಹೇತು ಅನೈಕಾಂತಿಕ. ಇಂಥ ಪ್ರಯೋಗಗಳಿಂದಲೇ ಹೆಸರಾದ ಅಮೆರಿಕದ ಜೋಸೆಫ್ ಲೆಡೂ ಅವರೂ 2014ರಲ್ಲಿ, ಇಲ್ಲಿ ‘ಭಯ’ ಶಬ್ದವನ್ನು ಬಿಟ್ಟು ‘ಅಪಾಯ’ವೆಂಬರ್ಥದ ಶಬ್ದವನ್ನು ಬಳಸುವುದು ಯುಕ್ತವೆಂದು ವಾದಿಸಿದರು. ಮುನಿಮತಕ್ಕೆ ಇಷ್ಟು ತಡವಾಗಿಯಾದರೂ ಸಾಕ್ಷಿ ದೊರೆಯಿತು.

ಇದಕ್ಕಿಂತ ಸೂಕ್ಷ್ಮವಾದುದು ಭಯದ ಹರಡುವಿಕೆಗೆ ಕನ್ನಡದಲ್ಲಿ ಇಡಬೇಕಾದ ಹೆಸರು. ‘ಸಾಧಾರಣೀಕರಣ’ವೆಂಬುದು ಥಟ್ಟನೆ ನಾಲಗೆಗೆ ಬರುತ್ತದೆ, ಆದರೆ ಇವೆರಡೂ ವಿರುದ್ಧಮುಖಗಳು. ಜಿಂಕೆಯ ಭಯವು ‘ನನ್ನದು’, ‘ಅವನದು’ ಎಂಬ ಸಂಬಂಧವನ್ನೂ ದೇಶಕಾಲಗಳನ್ನೂ ಕಳಚಿಕೊಂಡು ಸಹೃದಯನಿಗೆ ಆಸ್ವಾದ್ಯವಾಗುತ್ತದೆ. ಆಘಾತಗೊಂಡವನಲ್ಲಾದರೋ ಭಯದ ವಿಷಯಗಳು ಮಾತ್ರ ಬೆಳೆಯುತ್ತವೆ, ಹೆದರುವ ‘ನಾನು’ ಕಳಚುವುದೇ ಇಲ್ಲ. ಲಕ್ಷಣದೋಷಕ್ಕಿರುವ ‘ಅತಿವ್ಯಾಪ್ತಿ’ ಎಂಬ ಹೆಸರೇ ಇದಕ್ಕೆ ಒಪ್ಪುತ್ತದೆ.

ಶಾಗ್ಯದ ಸೀಮೆಯಲ್ಲಿ ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ ಹುಲಿಯೇ ದೇವರ ವಾಹನ. ಹೊಲದಂಚಿನಲ್ಲಿ ಹುಲಿಯನ್ನು ಕಂಡರೆ ಓಡುವವನೇ ಹಾಡಿನ ಹುಲಿಯನ್ನು ಕೈಮುಗಿದು ಕೇಳುತ್ತಾನೆ. ಇಂಥ ಆಲಿಕೆಯು ಭಯದ ಅತಿವ್ಯಾಪ್ತಿಯನ್ನು ಸಡಿಲಿಸಬಲ್ಲುದೇ ಎಂಬುದು ವಿಚಾರಣೀಯ. ಇಲಿಗೆ ಕಥೆ ಹೇಳಲಾಗದ ಕಾರಣ ಆ ವಿಚಾರಣೆ ಪ್ರಯೋಗಶಾಲೆಯಲ್ಲಿ ನಡೆಯಲಾರದು.