ಒಂದು ಕಾಗುಣಿತ ದೋಷದ ಸಾಕ್ಷ್ಯಬಲ: ‘ಲೈನ್ ಆಫ್ ಡ್ಯೂಟಿ’ಯ ಭಾಷಿಕ ತನಿಖೆ

ಜೆಡ್ ಮರ್ಕ್ಯುರಿಯೊ ರಚಿಸಿ, ಬಿಬಿಸಿ 2012ರಿಂದ 2021ರವರೆಗೆ ಆರು ಸರಣಿಗಳಲ್ಲಿ ಪ್ರಸಾರ ಮಾಡಿದ ‘ಲೈನ್ ಆಫ್ ಡ್ಯೂಟಿ’ಯು ಪೊಲೀಸರ ಭ್ರಷ್ಟಾಚಾರವನ್ನು ತನಿಖೆ ಮಾಡುವ ಎಸಿ-12 ಎಂಬ ಕಲ್ಪಿತ ಘಟಕದ ಕಥೆ. ಅದರ ದೀರ್ಘ ವಿಚಾರಣಾ ದೃಶ್ಯಗಳು ಸಂವಾದ ವಿಶ್ಲೇಷಣೆಗೆ ಸಮೃದ್ಧ ಸಾಮಗ್ರಿ. ನಮ್ಮ ಆಸಕ್ತಿ ಮಾತ್ರ ಒಂದು ಅಕ್ಷರದ ಮೇಲಿದೆ.

ಐದನೆಯ ಸರಣಿಯಲ್ಲಿ ಜಾನ್ ಕಾರ್ಬೆಟ್ ಎಂಬ ಅಧಿಕಾರಿ ವೇಷ ಮರೆಸಿಕೊಂಡು ಅಪರಾಧ ಕೂಟವೊಂದನ್ನು ಸೇರಿದ್ದಾನೆ. ಪೊಲೀಸ್ ಪಡೆಯೊಳಗಿನ ಅಜ್ಞಾತ ನಾಯಕನೊಬ್ಬ ಗಣಕಯಂತ್ರದ ಸಂದೇಶಗಳ ಮೂಲಕ ಆ ಕೂಟವನ್ನು ನಡೆಸುತ್ತಾನೆ. ಧ್ವನಿಯಿಲ್ಲ, ಮುಖವಿಲ್ಲ, ಇರುವುದು ಬರೆಹ ಮಾತ್ರ. ಆತ ಇಂಗ್ಲಿಷಿನ ‘ಡೆಫಿನಿಟ್ಲಿ’ ಪದದಲ್ಲಿ ಎರಡನೆಯ ‘ಐ’ ಇರಬೇಕಾದಲ್ಲಿ ‘ಎ’ ಬರೆಯುತ್ತಾನೆ. ಆ ನಾಯಕನ ಸೋಗಿನಲ್ಲಿ ಸಂದೇಶ ಕಳಿಸುವ ಹೇಸ್ಟಿಂಗ್ಸನೂ ಹಾಗೆಯೇ ಬರೆದು ಶಂಕೆಗೆ ಗುರಿಯಾಗುತ್ತಾನೆ. ಆರನೆಯ ಸರಣಿಯಲ್ಲಿ ಇದೇ ದೋಷದ ಜಾಡು ಬಕೆಲ್ಸ್ ಎಂಬ ಅಧಿಕಾರಿಯವರೆಗೆ ಒಯ್ಯುತ್ತದೆ.

ಕಥಾತಂತ್ರವಾಗಿ ಇದು ಸೊಗಸು, ಸಾಕ್ಷ್ಯವಾಗಿ ದುರ್ಬಲ. ಆ ಉಚ್ಚಾರಾಂಶಕ್ಕೆ ಆಘಾತವಿಲ್ಲ. ಅದರ ಸ್ವರ ಕ್ಷೀಣವಾದುದರಿಂದ ಯಾವ ಅಕ್ಷರ ಬರೆಯಬೇಕೆಂಬುದನ್ನು ಕಿವಿ ತಿಳಿಸಲಾರದು. ‘ಫಾರ್ಚುನೇಟ್ಲಿ’, ‘ಪ್ರೈವೇಟ್ಲಿ’ಗಳ ಸಾದೃಶ್ಯ ಬರೆಯುವವನನ್ನು ‘ಎ’ಯತ್ತ ಎಳೆಯುತ್ತದೆ. ಇಂಗ್ಲಿಷಿನಲ್ಲಿ ಅತ್ಯಂತ ವ್ಯಾಪಕವಾದ ತಪ್ಪುಗಳಲ್ಲಿ ಇದೊಂದು. ಬರೆಹದ ವ್ಯವಸ್ಥೆಯೇ ಹುಟ್ಟಿಸುವ ದೋಷವನ್ನು ವ್ಯಕ್ತಿಭಾಷೆಯ ಲಕ್ಷಣವೆನ್ನಲಾಗದು. ಮೇಲಾಗಿ ಅದನ್ನು ಯಾರೂ ಅನುಕರಿಸಬಹುದು. ಹೇಸ್ಟಿಂಗ್ಸನ ಪ್ರಸಂಗದಲ್ಲಿ ಧಾರಾವಾಹಿ ಈ ಸಾಧ್ಯತೆಯ ಹೊಸ್ತಿಲಿಗೆ ಬಂದು ಹಿಂದಿರುಗುತ್ತದೆ.

ಇದಕ್ಕೆ ಎದುರಾಗಿ ಡೆರೆಕ್ ಬೆಂಟ್ಲಿಯ ಪ್ರಕರಣವನ್ನು ಇಡಬೇಕು. 1953ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಆತನನ್ನು ಲಂಡನ್ನಿನಲ್ಲಿ ಗಲ್ಲಿಗೇರಿಸಲಾಯಿತು. ಆತನದೆನ್ನಲಾದ 582 ಪದಗಳ ಹೇಳಿಕೆಯಲ್ಲಿ ‘ದೆನ್’ ಎಂಬ ಪದ 10 ಬಾರಿ ಬರುವುದನ್ನು ಮಾಲ್ಕಂ ಕೌಲ್ಟ್‌ಹಾರ್ಡ್ ಗುರುತಿಸಿದರು. ಹೋಲಿಕೆಗೆ ತೆಗೆದುಕೊಂಡ ಸಾಮಾನ್ಯ ಸಾಕ್ಷಿಗಳ ಹೇಳಿಕೆಗಳಲ್ಲಿ ಅದು ಸುಮಾರು 930 ಪದಗಳಿಗೊಮ್ಮೆ, ಪೊಲೀಸರ ಹೇಳಿಕೆಗಳಲ್ಲಿ 78 ಪದಗಳಿಗೊಮ್ಮೆ ಬರುತ್ತಿತ್ತು. ಅದನ್ನು ಕರ್ತೃಪದದ ನಂತರ ಇರಿಸುವ ಕ್ರಮವೂ ಪೊಲೀಸ್ ಬರೆಹದ್ದೇ. 1998ರಲ್ಲಿ ಶಿಕ್ಷೆ ರದ್ದಾದುದು ಮುಖ್ಯವಾಗಿ ಮೂಲ ವಿಚಾರಣೆಯ ನ್ಯಾಯಾಧೀಶರ ನಿರ್ದೇಶನದ ಲೋಪಗಳಿಂದ, ಭಾಷಾವಿಶ್ಲೇಷಣೆಯಿಂದಲ್ಲ. ಆದರೂ ಸಾಕ್ಷ್ಯದ ಸ್ವರೂಪ ಗಮನಾರ್ಹ: ಆವರ್ತನ, ಹೋಲಿಕೆಯ ಸಾಮಗ್ರಿ, ಬರೆಯುವವನ ಅರಿವಿಗೆ ಬಾರದ ಪದಕ್ರಮ. ಎಸಿ-12 ಇವುಗಳಲ್ಲಿ ಒಂದನ್ನೂ ಕೇಳುವುದಿಲ್ಲ. ಕಡತಗಳನ್ನು ಕಾಗುಣಿತಕ್ಕಾಗಿ ಶೋಧಿಸುವವರು, ಅದೇ ದೋಷ ಪಡೆಯ ಇನ್ನೆಷ್ಟು ಮಂದಿಯ ಬರೆಹದಲ್ಲಿದೆಯೆಂದು ಎಣಿಸಬೇಡವೇ?

ಕನ್ನಡದಲ್ಲಿ ಇಂಥ ಶೋಧಕ್ಕೆ ಹೊರಡುವವರಿಗೆ ಅಪಾಯ ಇನ್ನೂ ಹೆಚ್ಚು. ‘ಅಧಿಕಾರಿ’ ‘ಅದಿಕಾರಿ’ಯಾಗುವುದು, ‘ಹಾಲು’ ‘ಆಲು’ ಆಗುವುದು ಪ್ರದೇಶ, ಸಮುದಾಯ, ಶಿಕ್ಷಣಗಳ ಗುರುತು, ಒಬ್ಬನ ಗುರುತಲ್ಲ. ಭಾರತದಲ್ಲಿ ತನಿಖೆಯ ವೇಳೆ ಸಾಕ್ಷಿ ನೀಡುವ ಹೇಳಿಕೆಯನ್ನು ಬರೆದುಕೊಳ್ಳುವವರು ಪೊಲೀಸರು. ಅದಕ್ಕೆ ಸಾಕ್ಷಿಯ ಸಹಿಯನ್ನೂ ಪಡೆಯುವಂತಿಲ್ಲ. ಹಾಗಾಗಿ ಅಲ್ಲಿನ ಕಾಗುಣಿತ ಬರೆದುಕೊಂಡವನದು, ಪದಕ್ರಮ ಬಹುಶಃ ಇಬ್ಬರದೂ.