ಸೋಸಿದ ಸಂಗೀತದ ಮಹಿಮೆ

ನನ್ನ ತಂಗಿಯ ಮಗನಿಗೆ ಮಿಕ್ಸಿ ಸದ್ದು ಆಗದು. ಕುಕ್ಕರ್ ಕೂಗಿದರೆ ಹೇಗೋ ತಡೆದುಕೊಳ್ಳುತ್ತಾನೆ; ಮಿಕ್ಸಿ ತಿರುಗಿತೋ, ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಾನೆ. ಅವನನ್ನು ಆಕ್ಯುಪೇಷನಲ್ ಥೆರಪಿಗೆ ಕರೆದೊಯ್ಯುತ್ತಿದ್ದ ಕಡೆ ಒಂದು ದಿನ ‘ಲಿಸನಿಂಗ್ ಥೆರಪಿ’ ಶುರು ಮಾಡೋಣ ಎಂದರು. ದಿನಕ್ಕೆರಡು ಸಲ, ಅರ್ಧರ್ಧ ಗಂಟೆ ಹೆಡ್‌ಫೋನ್. ಫೀಸು ಬೇರೆ, ಹೆಡ್‌ಫೋನಿನ ಬಾಡಿಗೆ ಬೇರೆ. ಅದನ್ನು ನಾನೂ ಕಿವಿಗೇರಿಸಿ ನೋಡಿದೆ. ಹಳೆಯ ರೇಡಿಯೊದ ಮುಳ್ಳು ಸ್ಟೇಷನ್ನಿನ ಮೇಲೆ ಸರಿಯಾಗಿ ಕೂರದಿದ್ದಾಗ ಬರುತ್ತಿತ್ತಲ್ಲ, ಹಾಗಿತ್ತು. ಪಿಟೀಲಿನ ಮೇಲಿನ ಸ್ವರವಷ್ಟೇ ತೆಳ್ಳಗೆ ಉಳಿದು ಕೆಳಗಿನದೆಲ್ಲ ಮಾಯ. ಮರುಗಳಿಗೆ ಅದು ಹೋಗಿ ಬರೀ ಗುಂಯ್ ಎನ್ನುವ ಮಂದ್ರ. ಮದ್ದು ಇರುವುದು ಈ ಸೋಸುವಿಕೆಯಲ್ಲೇ ಎಂಬುದು ಅವರ ವಾದ.

ಈ ವಾದದ ವಂಶಾವಳಿ ಹೊಸದಲ್ಲ. ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಆಲ್ಫ್ರೆಡ್ ತೋಮಾತಿಸ್, ಅವರಿಂದ ಕವಲೊಡೆದ ಗಿ ಬೆರಾರ್, ಆಮೇಲೆ ಇದನ್ನು ಜೀನ್ ಏರ್ಸ್‌ರ ಸೆನ್ಸರಿ ಇಂಟಿಗ್ರೇಷನ್ (ಇಂದ್ರಿಯಗಳಿಂದ ಬಂದದ್ದನ್ನು ಮೆದುಳು ಹೊಂದಿಸಿಕೊಳ್ಳುವ ಬಗೆ) ಸಿದ್ಧಾಂತಕ್ಕೆ ಗಂಟುಹಾಕಿದ ಅಮೆರಿಕದ ಥೆರಪಿಸ್ಟ್ ಶೀಲಾ ಫ್ರಿಕ್. 1991ರಲ್ಲಿ ಅನಾಬೆಲ್ ಸ್ಟೆಹ್ಲಿ ಎಂಬ ತಾಯಿ ಮಗಳ ಚೇತರಿಕೆಯ ಕತೆ ಬರೆದ ಮೇಲೆ ಬೆರಾರ್ ಹೆಸರು ಮನೆಮಾತಾಯಿತು. ತಾಯಿಯ ಕಣ್ಣೀರಿನ ಜೊತೆ ವಾದಕ್ಕಿಳಿಯುವುದು ಯಾರಿಗೂ ಸುಲಭವಲ್ಲ, ನನಗೂ ಅಲ್ಲ.

ನನ್ನ ತಕರಾರೆಲ್ಲ 1996ರ ಒಂದು ಅಧ್ಯಯನದ ಸುತ್ತ. ಆಸ್ಟ್ರೇಲಿಯಾದಲ್ಲಿ ಸೂ ಬೆಟಿಸನ್ 80 ಮಕ್ಕಳನ್ನು ತೆಗೆದುಕೊಂಡರು. 3ರಿಂದ 17 ವರ್ಷದವರು, ಆಟಿಸಂ ಇರುವವರು, ಕೆಲವು ಸದ್ದುಗಳಿಗೆ ಬೆದರುವವರು. ಒಂದು ಗುಂಪಿಗೆ ಬೆರಾರ್ ಪದ್ಧತಿಯ ಸೋಸಿದ ಸಂಗೀತ. ಇನ್ನೊಂದಕ್ಕೆ ಅದೇ ಸಂಗೀತ, ಅದೇ ಏರ್ಪಾಡು, ಸೋಸುವಿಕೆ ಮಾತ್ರ ಇಲ್ಲ. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಹೆಚ್ಚುಕಡಿಮೆ ಒಂದೇ ಸಮನಾಗಿ. 12 ತಿಂಗಳಾದ ಮೇಲೂ ಆ ಸುಧಾರಣೆ ಉಳಿದಿತ್ತು.

ಪ್ರತಿಪಾದಕರು ಇದರಿಂದ ‘ಸುಧಾರಿಸಿದರು’ ಎಂಬ ಮಾತನ್ನು ಎತ್ತಿಕೊಂಡರು, ವಿರೋಧಿಗಳು ‘ಒಂದೇ ಸಮನಾಗಿ’ ಎಂಬುದನ್ನು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದವರು ಕಡಿಮೆ. ಹಾಗೆ ಓದಿದರೆ ಮೊದಲು ಬೀಳುವುದು ಯಂತ್ರ. ಬಾಡಿಗೆ ಕೊಟ್ಟದ್ದು ಸೋಸುವಿಕೆಗೆ. ಅದನ್ನು ತೆಗೆದರೂ ಫಲ ಕದಲಲಿಲ್ಲ. ಹಾಗಾದರೆ ಸಂಗೀತಕ್ಕೇ ಗುಣವಿದೆಯೆ? ಅದನ್ನೂ ಹೇಳುವಂತಿಲ್ಲ, ಏನನ್ನೂ ಕೇಳದೆ ಕೂತ ಮೂರನೆಯ ಗುಂಪು ಅಲ್ಲಿರಲಿಲ್ಲ. ವರ್ಷವೊಂದರಲ್ಲಿ ಮಕ್ಕಳು ತಾವಾಗಿಯೇ ಬೆಳೆಯುತ್ತಾರೆ. ಪರಿಸ್ಥಿತಿ ತೀರಾ ಕೆಟ್ಟಾಗಲೇ ಅಪ್ಪ ಅಮ್ಮ ಇಂಥ ಬಾಗಿಲು ತಟ್ಟುವುದು. ಅಲ್ಲಿಂದ ಮುಂದೆ ಅದು ಒಂದಿಷ್ಟು ಸುಧಾರಿಸುವುದು ಸಹಜ. ಇವೆರಡನ್ನೂ ಕಳೆದರೆ ಉಳಿಯಬಹುದಾದದ್ದು ಇನ್ನೊಂದು: ಅರ್ಧರ್ಧ ಗಂಟೆಯ 20 ಸೆಷನ್, ಅಷ್ಟೂ ಹೊತ್ತು ಮಗುವಿನ ಮೇಲೆ ಕಣ್ಣಿಟ್ಟು ಪಕ್ಕದಲ್ಲಿ ಕೂತ ದೊಡ್ಡವರು. ಅದನ್ನು ಯಾರೂ ಅಳೆಯಲಿಲ್ಲ.

ಆಕ್ಯುಪೇಷನಲ್ ಥೆರಪಿಯವರು ತಮ್ಮದೆಂದು ಮುಂದಿಡುವುದು 2007ರ ಹಾಲ್ ಮತ್ತು ಕೇಸ್-ಸ್ಮಿತ್ ಅಧ್ಯಯನ. ಮಕ್ಕಳು 10. ಮೊದಲ 4 ವಾರ ಬರೀ ‘ಸೆನ್ಸರಿ ಡಯೆಟ್’ (ಊಟದ ಪಥ್ಯವಲ್ಲ, ಜಿಗಿತ, ಉಯ್ಯಾಲೆ, ಮೈ ಒತ್ತುವಂಥ ಚಟುವಟಿಕೆಗಳ ದಿನಚರಿ), ನಂತರ 8 ವಾರ ಅದರ ಜೊತೆಗೆ ಸಂಗೀತ. ನಡವಳಿಕೆ ಸುಧಾರಿಸಿತು, ಬರವಣಿಗೆಯೂ. ಆದರೆ ಹೋಲಿಸಲು ಬೇರೆ ಗುಂಪಿಲ್ಲ. ಡಯೆಟ್ಟೇ 12 ವಾರ ನಡೆದಿದ್ದರೆ ಏನಾಗುತ್ತಿತ್ತು? ನಡವಳಿಕೆಯ ಪ್ರಶ್ನಾವಳಿ ತುಂಬಿದವರು ಯಾರು? ದಿನಕ್ಕೆರಡು ಸಲ ತಾವೇ ಹೆಡ್‌ಫೋನ್ ತೊಡಿಸುತ್ತಿದ್ದ ಪೋಷಕರು. ಪ್ರಾಥಮಿಕ ಹೆಜ್ಜೆಯಾಗಿ ಇದು ತಪ್ಪಲ್ಲ. ಅದರ ಮೇಲೆ ಕಟ್ಟಿದ ಮಹಡಿಗಳನ್ನು ನೋಡಿದರೆ ಭಯವಾಗುತ್ತದೆ.

ಇತ್ತ ಬ್ರಿಟನ್ನಿನಲ್ಲಿ ಮಡ್‌ಫರ್ಡ್ ಮತ್ತು ಸಂಗಡಿಗರು 16 ಮಕ್ಕಳ ಮೇಲೆ ಮಾಡಿ 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಿವಿ ಮುಚ್ಚಿಕೊಳ್ಳುವ ಚಾಳಿಯ ವಿಷಯದಲ್ಲಿ ಮದ್ದಿಗಿಂತ ಹುಸಿಮದ್ದೇ ಮೇಲಾಯಿತು! ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆ 7 ಪ್ರಯೋಗ, 182 ಜನರ ಲೆಕ್ಕ ನೋಡಿ, ಈ ಚಿಕಿತ್ಸೆಗಳಿಗೆ ಆಧಾರ ಸಾಲದು ಎಂದಿತು. ಇಷ್ಟರ ಮೇಲೂ ಸದ್ದು ಆಗದ ಮಕ್ಕಳ ಸಂಕಟ ಸುಳ್ಳಲ್ಲ. ಅದನ್ನು ಗಂಭೀರವಾಗಿ ತೆಗೆದುಕೊಂಡ ಪುಣ್ಯ ಈ ಪಂಥಕ್ಕೆ ಸಲ್ಲಲಿ.

ಇದರ ವಿರುದ್ಧ ನಮ್ಮಲ್ಲಿ ಬರೆಯುವವರ ಬಗೆಗೂ ನನಗೆ ಅಷ್ಟೇ ಬೇಸರವಿದೆ. ಅವರಿಗೆ ಎಲ್ಲವೂ ‘ಮೊಜಾರ್ಟ್ ಎಫೆಕ್ಟ್’, ಅಂದರೆ ಮೊಜಾರ್ಟ್ ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆಂಬ ನಂಬಿಕೆ. 1993ರಲ್ಲಿ ರೌಷರ್ ಮತ್ತು ಜೊತೆಗಾರರು ಪರೀಕ್ಷಿಸಿದ್ದು ಕಾಲೇಜು ವಿದ್ಯಾರ್ಥಿಗಳನ್ನು, ಮಕ್ಕಳನ್ನಲ್ಲ. ಕಂಡ ಲಾಭ ಕೆಲವೇ ನಿಮಿಷಗಳದ್ದು. ಅದಕ್ಕೂ ಮಂಚದಡಿ ಅವಿತ ಹುಡುಗನಿಗೂ ಏನು ಸಂಬಂಧ? ಬೇರೆ ಊರಿನ ಕಳ್ಳನಿಗಾಗಿ ಈ ಊರಿನವನನ್ನು ಹಿಡಿದು ಬಡಿದಂತೆ. ಇನ್ನೂ ತಮಾಷೆಯೆಂದರೆ, ಮೊಜಾರ್ಟ್‌ನನ್ನು ಮೊದಲ ಪುಟದಲ್ಲಿ ಲೇವಡಿ ಮಾಡಿದ ಇದೇ ಜನ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ನೀಲಾಂಬರಿ, ಆನಂದಭೈರವಿ ಎಂದು ರಾಗಚಿಕಿತ್ಸೆಯ ಪಟ್ಟಿ ಕೊಡುತ್ತಾರೆ. ಪಾಶ್ಚಾತ್ಯ ಪಿಟೀಲಿಗೆ ಕೇಳಿದ ಪುರಾವೆಯನ್ನು ನಮ್ಮ ವೀಣೆಗೆ ಏಕೆ ಕೇಳುವುದಿಲ್ಲ? ನೀಲಾಂಬರಿ ಕೇಳುತ್ತ ನಾನೂ ನಿದ್ದೆ ಹೋಗಿದ್ದೇನೆ. ಬಜೆಟ್ ಭಾಷಣ ಕೇಳುತ್ತಲೂ ಹೋಗಿದ್ದೇನೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳಾದ ಮೇಲೆ ಹೆಡ್‌ಫೋನ್ ವಾಪಸು ಹೋಯಿತು, ಮಂಚದಡಿಯ ವಾಸ ಹಾಗೇ ಇತ್ತು. ಅದೇ ಕಡೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ಬಹುಶಃ ಮೊದಲ ಕೆಲಸ, ಹೊರಡುವಾಗ ಬಾಗಿಲಲ್ಲಿ ನಿಂತು ತಂಗಿಗೆ ಒಂದು ಮಾತು ಹೇಳಿದಳು: “ಅಕ್ಕಾ, ಮಿಕ್ಸಿ ಹಾಕೋ ಮುಂಚೆ ಅವನಿಗೆ ಹೇಳಿ. ಆಗೋದಾದ್ರೆ ಗುಂಡಿ ಅವನ ಕೈಲೇ ತಿರುಗಿಸಿ.” ಈಗ ಚಟ್ನಿಗೆ ಕಾಯಿ ತುರಿದಿಟ್ಟು ಕರೆದರೆ ಅವನು ಸ್ಟೂಲ್ ಎಳೆದುಕೊಂಡು ಬರುತ್ತಾನೆ. ಒಂದು ಕೈ ಕಿವಿಯ ಮೇಲೆ, ಇನ್ನೊಂದು ಗುಂಡಿಯ ಮೇಲೆ. ಮೂರು ಎಣಿಸುತ್ತಾನೆ, ತಿರುಗಿಸುತ್ತಾನೆ, ತಾನೇ ನಿಲ್ಲಿಸುತ್ತಾನೆ. ಚಟ್ನಿ ತರಿತರಿಯಾಗಿಯೇ ಇರುತ್ತದೆ.