ಯಾವುದಕ್ಕಿಂತ?

2018ರ ಆಗಸ್ಟಿನಲ್ಲಿ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಸುದ್ದಿ ಫಾರ್ವರ್ಡ್ ಮಾಡಿದ್ದೆ. 'ತೆಂಗಿನೆಣ್ಣೆ ಶುದ್ಧ ವಿಷ: ಹಾರ್ವರ್ಡ್ ಪ್ರೊಫೆಸರ್'. ನಮ್ಮ ಮನೆ ಇರುವುದು ಬೈಂದೂರು ಕಡೆ. ಹಿತ್ತಲಲ್ಲಿ ತೆಂಗು, ಅಂಗಳದಲ್ಲಿ ಕೊಬ್ಬರಿ, ಒಣಗಿಸಿ ಮಿಲ್ಲಿಗೆ ಕೊಟ್ಟರೆ ವರ್ಷಕ್ಕಾಗುವ ಎಣ್ಣೆ. ಅಮ್ಮ ಎರಡು ದಿನ ಉತ್ತರಿಸಲಿಲ್ಲ. ಮೂರನೇ ದಿನ ಫೋನು: "ಬಂಗ್ಡಿ ಕಾಯ್ಸುಕೆ ಎಂತ ಎಣ್ಣಿ ಹಾಕುದ್ ಮಗಾ ಈಗ?"

ಪ್ಯಾಕೆಟ್ ಸೂರ್ಯಕಾಂತಿ ಅಂದೆ. ಹಾಗೇ ಆಯಿತು.

ಆ ಸುದ್ದಿಯನ್ನು ಈಗ ಮತ್ತೆ ಓದಿದರೆ ನಾಚಿಕೆಯಾಗುತ್ತದೆ. ಕರೀನ್ ಮಿಶೆಲ್ಸ್ ಹಾಗೆ ಹೇಳಿದ್ದು ಜರ್ಮನಿಯ ಫ್ರೈಬರ್ಗಿನಲ್ಲಿ, ಒಂದು ಉಪನ್ಯಾಸದಲ್ಲಿ. ಅದು ಹೊಸ ಸಂಶೋಧನೆಯೇ ಅಲ್ಲ. ನಮ್ಮ ದೇಶದ ತೋಟಗಾರಿಕಾ ಕಮಿಷನರ್ ಹೇಳಿಕೆ ವಾಪಸ್ ಪಡೆಯಿರಿ ಅಂತ ಹಾರ್ವರ್ಡಿಗೆ ಪತ್ರ ಬರೆದರು. ಪೇಪರಿನವರಿಗೆ ಅದೂ ಒಂದು ಸುದ್ದಿಯಾಯಿತು. ಎಷ್ಟು ತಿಂದರೆ ಏನಾಗುತ್ತದೆ ಅನ್ನುವುದು ಮಾತ್ರ ಎರಡರಲ್ಲೂ ಇರಲಿಲ್ಲ.

ಅದೇ ವರ್ಷದ ಆರಂಭದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಸುದ್ದಿ ಓಡಾಡಿತ್ತು. ಕೇಂಬ್ರಿಜ್‌ನವರು ಸುಮಾರು 90 ಜನರನ್ನು ಮೂರು ಗುಂಪು ಮಾಡಿ, ದಿನಕ್ಕೆ 50 ಗ್ರಾಂ ತೆಂಗಿನೆಣ್ಣೆ, ಆಲಿವ್ ಎಣ್ಣೆ ಅಥವಾ ಬೆಣ್ಣೆ ಕೊಟ್ಟು ನಾಲ್ಕು ವಾರ ನೋಡಿದ್ದರು. ಕೆಟ್ಟ ಕೊಲೆಸ್ಟ್ರಾಲ್ ಏರಿದ್ದು ಬೆಣ್ಣೆಯವರಲ್ಲಿ. 'ತೆಂಗಿನೆಣ್ಣೆ ಹೃದಯಕ್ಕೆ ಅಮೃತ' ಅಂತ ಶೀರ್ಷಿಕೆ ಬರಲು ಅಷ್ಟು ಸಾಕಾಯಿತು. ಬ್ರಿಟನ್ನಿನ ಅಡುಗೆಮನೆಯಲ್ಲಿ ಬೆಣ್ಣೆ ಎದುರಾಳಿ, ಒಪ್ಪುವ ಮಾತೇ. ಕುಂದಾಪುರದಲ್ಲಿ ಬೆಣ್ಣೆಯಲ್ಲಿ ಮೀನು ಕಾಯಿಸುವವರು ಯಾರು ಮಾರಾಯ್ರೆ? ನಮಗೆ ಬೇಕಿದ್ದದ್ದು ಸೂರ್ಯಕಾಂತಿ, ಸೋಯಾದಂಥ ಎಣ್ಣೆಗಳ ಜೊತೆಗಿನ ಹೋಲಿಕೆ. 16 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಆ ಕೆಲಸ ಮಾಡಿದ ಲೇಖನ 2020ರಲ್ಲಿ 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ ಬಂತು. ಅಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆಯಿಂದ ಕೆಟ್ಟ ಕೊಲೆಸ್ಟ್ರಾಲ್ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಜಾಸ್ತಿ, ಒಳ್ಳೆಯದೂ 4 ಜಾಸ್ತಿ. ವಿಷವೂ ಅಲ್ಲ, ಅಮೃತವೂ ಅಲ್ಲ. ಹಾಗಾಗಿ ಯಾರೂ ಫಾರ್ವರ್ಡ್ ಮಾಡಲಿಲ್ಲ, ನಾನೂ ಸೇರಿ.

ಆಫೀಸಿನಲ್ಲಿ ಯಾರಾದರೂ 'ಹೊಸ ಕೋಡ್ ಶೇ. 40 ಫಾಸ್ಟ್' ಅಂದರೆ, 'ಯಾವುದಕ್ಕಿಂತ?' ಅಂತ ಕೇಳದೆ ನಾನು ಮರ್ಜ್ ಮಾಡಲು ಬಿಡುವವನಲ್ಲ. ಅಮ್ಮನ ಬಾಣಲೆಯ ವಿಷಯದಲ್ಲಿ ಆ ಒಂದು ಪ್ರಶ್ನೆ ನೆನಪಾಗಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಒಂದಷ್ಟು ಎಣ್ಣೆ ಪ್ಯಾಕೆಟ್ಟಿನ ದುಡ್ಡು ಹೋಯಿತು ಅಂದುಕೊಳ್ಳಬಹುದಿತ್ತು. ಆದರೆ ಆಮೇಲೆ ಅಪ್ಪನಿಗೆ ಇನ್ಯಾರೋ ಇನ್ನೊಂದು ಸುದ್ದಿ ಕಳಿಸಿದರು: ತೆಂಗಿನೆಣ್ಣೆಯಿಂದ ಹೃದಯಕ್ಕೆ ತೊಂದರೆಯಿಲ್ಲ, ಕೊಚ್ಚಿಯಲ್ಲಿ ಸಾಬೀತು. ಪ್ರಯೋಗ ನಿಜದ್ದೇ, 2016ರಲ್ಲಿ ಪ್ರಕಟವಾದದ್ದು. 200 ಹೃದ್ರೋಗಿಗಳು, ಎರಡು ವರ್ಷ, ಅರ್ಧ ಜನಕ್ಕೆ ತೆಂಗಿನೆಣ್ಣೆ, ಇನ್ನರ್ಧಕ್ಕೆ ಸೂರ್ಯಕಾಂತಿ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಪ್ಪ ಖುಷಿಯಾಗಿ ಡಬ್ಬಿ ಮತ್ತೆ ಅಟ್ಟದಿಂದ ಇಳಿಸಿದರು. ಬೆಳಿಗ್ಗೆ ಬರಿಹೊಟ್ಟೆಗೆ ಎರಡು ಚಮಚ ಕುಡಿಯಲು ಶುರು ಮಾಡಿದರು. ಜೊತೆಗೆ, ಯಾರಿಗೂ ಹೇಳದೆ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದರು.

ಆ ಸುದ್ದಿಯಲ್ಲಿ ಬಿಟ್ಟುಹೋದ ವಾಕ್ಯ ಒಂದೇ. ಆ 200 ಜನರೂ ಹೃದ್ರೋಗಕ್ಕೆ ಕೊಡುವ ಮಾಮೂಲು ಚಿಕಿತ್ಸೆಯಲ್ಲಿ ಇದ್ದವರು. ಅಪ್ಪ ಬಿಟ್ಟ ಜಾತಿಯ ಮಾತ್ರೆ ಆ ಚಿಕಿತ್ಸೆಯ ಮುಖ್ಯ ಭಾಗ. ಅಂದರೆ ಪ್ರಯೋಗ ಹೇಳಿದ್ದು 'ಚಿಕಿತ್ಸೆ ನಡೆಯುತ್ತಿರುವಾಗ ಎಣ್ಣೆ ಬದಲಿಸಿದರೆ ಹೇಗೆ' ಅಂತ. ಅಪ್ಪನಿಗೆ ಮುಟ್ಟಿದ್ದು 'ಎಣ್ಣೆ ಇದ್ದರೆ ಮಾತ್ರೆ ಯಾಕೆ' ಅಂತ. ವರದಿ ಬರೆದವರು ಸುಳ್ಳು ಬರೆದಿರಲಿಲ್ಲ, ಅದೇ ಬೇಜಾರು. ಸುಳ್ಳಾದರೆ ಹಿಡಿದು ತೋರಿಸಬಹುದು.

ಗೊತ್ತಾದದ್ದು ಐದು ತಿಂಗಳ ನಂತರ, ಹಬ್ಬಕ್ಕೆ ಹೋದಾಗ, ಮಾತ್ರೆ ಪೊಟ್ಟಣದ ಮೇಲಿನ ಧೂಳು ನೋಡಿ. ಬೈಯಲು ಬಾಯಿ ತೆರೆದೆ. ಅಪ್ಪ ಪೇಪರಿನಿಂದ ಕಣ್ಣು ಎತ್ತದೆ, "ನೀನೂ ಕಳ್ಸಿದ್ದೆ ಅಲ್ದಾ?" ಅಂದರು.

ಮರುದಿನ ಕುಂದಾಪುರಕ್ಕೆ ಕರೆದುಕೊಂಡು ಹೋದೆ. ರಕ್ತಪರೀಕ್ಷೆ ಆಯಿತು, ಮಾತ್ರೆ ಮತ್ತೆ ಶುರುವಾಯಿತು. ಫೋನಿನಲ್ಲಿದ್ದ ಎರಡೂ ಸುದ್ದಿಗಳನ್ನು ಡಾಕ್ಟರಿಗೆ ತೋರಿಸಿದೆ. ಅವರು ಓದಲಿಲ್ಲ. ಅಮ್ಮನ ಕಡೆ ತಿರುಗಿ, "ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ? ಮನೆಯಲ್ಲಿ ಎಷ್ಟು ಜನ?" ಅಂತ ಕೇಳಿದರು.

ಅಮ್ಮ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು.